ಕರುಣತ್ತೆಯ ಅನುಮಾನಗಳು

ಕಳೆದ ಭಾನುವಾರ ತಿಪಟೂರಿನ ನಮ್ಮ ಚರ್ಚಿನಲ್ಲಿ ಅಯ್ಯನವರು ದೀರ್ಘ ಪ್ರಾರ್ಥನೆಗೆ ತೊಡಗಿದ್ದರು. ಎಲ್ಲರಂತೆ ನಾನೂ ಕಣ್ಣು ಮುಚ್ಚಿ ತಲೆ ಬಾಗಿಸಿದ್ದೆ. ಚರ್ಚಿನ ಹಿಂದಿನ ಮನೆಯವರು ನೀರೊಲೆಗೆ ಕರಟ ಹಾಕಿದ್ದರೆಂದು ಕಾಣುತ್ತದೆ, ಕಿಟಕಿಯಿಂದ ಹೊಗೆ ಮೆಲ್ಲಗೆ ಒಳಗೆ ಬಂತು. ಕರಟದ ಹೊಗೆಗೆ ಒಂದು ಎಣ್ಣೆಣ್ಣೆ ವಾಸನೆ ಇರುತ್ತದೆ. ನೀವು ನಮ್ಮ ಸೀಮೆಯವರಾದರೆ ನಾನು ಹೇಳಬೇಕಾಗಿಲ್ಲ. ಅಯ್ಯನವರು ದೇಶಕ್ಕಾಗಿ, ಮಳೆಗಾಗಿ, ನಮ್ಮನ್ನಾಳುವವರಿಗಾಗಿ ಬೇಡಿಕೊಳ್ಳುತ್ತಾ ಹೋದರು. ನಾನು ಮಾತ್ರ ಆ ಹೊಗೆಯ ಹಿಂದೆಯೇ ತುರುವೇಕೆರೆಗೆ ಹೋಗಿ ಕರುಣತ್ತೆಯ ಬಚ್ಚಲೊಲೆಯ ಮುಂದೆ ನಿಂತಿದ್ದೆ.

ಕರುಣತ್ತೆ ನಮ್ಮ ತಂದೆಯ ಅಕ್ಕ. ನರ್ಸ್ ಕೆಲಸ ಮಾಡಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಬೀದಿಯವರಿಗೆಲ್ಲ ಅವರು ನರ್ಸಮ್ಮ. ನಾನು ತುರುವೇಕೆರೆಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದ ಕಾಲದಲ್ಲಿ ಅವರ ಜೊತೆಯಲ್ಲೇ ಇದ್ದೆ. ಒಂದೇ ಕಾಂಪೌಂಡಿನೊಳಗೆ ಸಾಲಾಗಿ ಮೂರು ಮನೆಗಳು. ಮುಂದಿನದರಲ್ಲಿ ಮಾಲೀಕರು ಶಿವಣ್ಣನವರು, ಕೊನೆಯದರಲ್ಲಿ ನಾವು, ನಡುವೆ ಬಸ್‌ಸ್ಟ್ಯಾಂಡಿನ ಹತ್ತಿರ ಇಡ್ಲಿ ಹೋಟೆಲು ನಡೆಸುವವರ ಸಂಸಾರ.

ಅತ್ತೆಯ ಭಕ್ತಿಯ ಬಗ್ಗೆ ಹೇಳಬೇಕಾದರೆ ಮೊದಲು ಅವರ ಅನುಮಾನದ ಬಗ್ಗೆ ಹೇಳಬೇಕು. ಎರಡನ್ನೂ ಬೇರೆ ಮಾಡಲು ನನಗೆ ಇವತ್ತಿಗೂ ಬಂದಿಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಪ್ರಾರ್ಥನೆಗೆ ಕೂರುತ್ತಿದ್ದರು. ಆ ಹೊತ್ತಿನಲ್ಲಿ ತಮ್ಮ ಗಮನ ಸೆಳೆಯುವ ಯಾವುದನ್ನೂ ಅವರು ನಂಬುತ್ತಿರಲಿಲ್ಲ. ಗಂಟೆ ಬಾರಿಸುವ ಗಡಿಯಾರವನ್ನು ಅಡುಗೆಮನೆಗೆ ಗಡೀಪಾರು ಮಾಡಿದ್ದರು. ಮೊಬೈಲನ್ನು ಅಕ್ಕಿ ಡಬ್ಬದಲ್ಲಿ ಹುದುಗಿಸಿ ಮುಚ್ಚಳ ಹಾಕುತ್ತಿದ್ದರು. ಅದು ಅಕ್ಕಿಯೊಳಗಿಂದಲೇ ಗುಂಯ್‌ಗುಟ್ಟಿದರೆ, ಕಣ್ಣು ಮುಚ್ಚಿಕೊಂಡೇ, "ಒದರ್ಕೊ, ಒದರ್ಕೊ," ಎನ್ನುತ್ತಿದ್ದರು.

ಇಷ್ಟಾದರೆ ಯಾರಾದರೂ ಮಾಡಿಯಾರು. ಅತ್ತೆಗೆ ಒಳ್ಳೆಯ ಸಂಗತಿಗಳ ಮೇಲೆ ಇನ್ನೂ ಹೆಚ್ಚು ಅನುಮಾನ. ನಾವು ಹೋಗುತ್ತಿದ್ದ ತಿಪಟೂರಿನ ಚರ್ಚಿಗೆ ಹೊಸ ಕೀಬೋರ್ಡು ಬಂದಾಗ ಎಲ್ಲರೂ ಕಣ್ಣೀರಿಟ್ಟು ಹಾಡಿದರು. ಅತ್ತೆಯೂ ಅತ್ತರು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಕಡೆ ತಿರುಗಿ, "ಆ ಪೆಟ್ಗೆ ಬಾರುಸ್ದಾಗ ಅಳು ಬಂತು ಕಣ್ಲಾ. ಅದು ದೇವ್ರಿಂದ ಬಂತೋ ಪೆಟ್ಗೆಯಿಂದ ಬಂತೋ?" ಎಂದು ಕೇಳಿದರು.

"ಯಾವುದರಿಂದ ಬಂದ್ರೇನತ್ತೆ, ಬಂತಲ್ಲ," ಎಂದೆ.

"ನಿಂಗೆ ಮೋಟಾರು ಯಾಕೆ ನಿಂತೋಯ್ತು ಅಂತ ತಿಳೀದೆ ಇದ್ರೆ ಬಿಚ್ಚಿ ನೋಡಲ್ವಾ? ಹಂಗೇ ಇದು," ಎಂದರು. ಮುಂದಿನ ವಾರದಿಂದ ಕೀಬೋರ್ಡಿಗೆ ದೂರವಾಗಿ, ಕಂಬದ ಮರೆಗೆ ಕೂರಲು ಶುರುಮಾಡಿದರು.

ಇಂಥ ಅತ್ತೆಯ ಚಾಪೆಯ ಪಕ್ಕಕ್ಕೆ ಒಂದು ಮಧ್ಯಾಹ್ನ ರಂಗಮ್ಮ ಬಂದು ಕೂತಳು.

ರಂಗಮ್ಮ ನಡುವಿನ ಮನೆಯ ಹೋಟೆಲಿನವರ ಸೊಸೆ. ಹುಳಿಯಾರಿನ ಆಚೆ ಒಂದು ಹಟ್ಟಿಯಿಂದ ಬಂದವಳು. ತವರಿನಲ್ಲಿ ಕುರಿಮಂದೆ ಇತ್ತಂತೆ. ಮಾತು ಕಡಿಮೆ. ಅವತ್ತು ಈಸಿಕೊಂಡಿದ್ದ ಪಾತ್ರೆ ವಾಪಸು ಕೊಡಲು ಬಂದವಳು, ಅತ್ತೆ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿರುವುದನ್ನು ನೋಡಿ ಗೋಡೆಗೆ ಒರಗಿ ಕೂತು ತಾನೂ ಕಣ್ಣು ಮುಚ್ಚಿದಳು. ಪ್ರಾರ್ಥನೆ ಮುಗಿದ ಮೇಲೆ ಎದ್ದು, "ಬತ್ತೀನಿ ಅಮ್ಮಾರೆ," ಎಂದು ಹೋದಳು. ಮಾರನೆಯ ದಿನ ಪಾತ್ರೆಯಿಲ್ಲದೆ ಬಂದಳು. ಅದರ ಮಾರನೆಯ ದಿನವೂ ಬಂದಳು.

ಅಂಗಡಿ ಮುಚ್ಚಿ ಊಟಕ್ಕೆ ಬರುತ್ತಿದ್ದ ನನಗೆ ಇದು ಸರಿಕಾಣಲಿಲ್ಲ. ಏನೋ ಬೇಕಾಗಿರಬೇಕು ಇವಳಿಗೆ, ಇಲ್ಲದಿದ್ದರೆ ಯಾರು ಸುಮ್ಮನೆ ಬರುತ್ತಾರೆ ಎಂದುಕೊಂಡೆ. ಕಾಲ ಬೇರೆ ಎಂಥದು ನೋಡಿ. ಒಬ್ಬರ ಮನೆಗೆ ಇನ್ನೊಬ್ಬರು ಬಂದು ಕಣ್ಣು ಮುಚ್ಚಿದರೆ ಬೀದಿಯೆಲ್ಲ ಕಣ್ಣು ಬಿಡುವ ಕಾಲ. ಅತ್ತೆಗೆ ಹೇಳಿದೆ. ಅವರ ಚಿಂತೆ ಬೇರೆಯೇ ಇತ್ತು.

"ಆ ಹುಡುಗಿ ಬಂದಾಗಿಂದ ನನ್ ಪ್ರಾರ್ಥನೆ ಚೆಂದಾಗ್ತಾ ಐತೆ ಕಣಪ್ಪ," ಎಂದರು, ಯಾವುದೋ ಕಾಯಿಲೆಯ ಲಕ್ಷಣ ಹೇಳುವವರ ಹಾಗೆ.

"ಒಳ್ಳೇದೇ ಆಯ್ತಲ್ಲ."

"ಏನ್ ಒಳ್ಳೇದು? ಮೊದ್ಲು 'ಸ್ವಾಮಿ, ಮಂಡಿ ನೋಯ್ತದೆ' ಅಂತಿದ್ದೆ. ಈಗ 'ಕೃಪಾಸಾಗರನೇ' ಅಂತೀನಿ. ಅವಳು ಕೇಳಿಸ್ಕೊಂತಾ ಅವಳೆ ಅಂತ ನಾಲಿಗೆಗೆ ಗೊತ್ತಾಗೋಗೈತೆ. ನಾನು ಯಾರ ಜೊತೆ ಮಾತಾಡ್ತಾ ಇವ್ನಿ ಅಂತಾನೇ ಅನುಮಾನ ಬಂದೋಗೈತೆ ನಂಗೆ."

ಹಾಗೆಂದು ಬರಬೇಡ ಎಂದು ಹೇಳಲೂ ಅವರಿಗೆ ಮನಸ್ಸಿಲ್ಲ. ಹಾಗೆ ಹೇಳಿದರೆ ಅದು ಸಿಟ್ಟೋ, ನಿಜವಾದ ಶ್ರದ್ಧೆಯೋ ಎಂದು ಇನ್ನೊಂದು ಅನುಮಾನ. ಹೀಗೆ ಒಂದು ತಿಂಗಳೇ ಕಳೆಯಿತೇನೋ. ಅತ್ತೆಯ ಪ್ರಾರ್ಥನೆ ದಿನದಿನಕ್ಕೆ ಅಲಂಕಾರವಾಗುತ್ತಾ ಹೋಯಿತು, ಮುಖ ದಿನದಿನಕ್ಕೆ ಸಪ್ಪಗಾಗುತ್ತಾ ಹೋಯಿತು.

ಅಷ್ಟರಲ್ಲಿ ಬೀದಿಗೂ ಸುದ್ದಿ ಮುಟ್ಟಿತ್ತು. ರಂಗಮ್ಮನ ಅತ್ತೆ ಪುಟ್ಟಮ್ಮ ಉಬ್ಬಸದ ರೋಗಿ; ಜಗಲಿಯ ಮೇಲೆ ಏದುಸಿರು ಬಿಡುತ್ತಾ ಕೂತಿರುವವರು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ನಮ್ಮ ಅತ್ತೆಯನ್ನು ತಡೆದು ನಿಲ್ಲಿಸಿದರು.

"ನರ್ಸಮ್ಮ, ನಮ್ ಸೊಸೆಗೆ ಅದೇನ್ ಮಾಡ್ತಿದ್ದೀರಿ? ದಿನಾ ನಿಮ್ಮನೆ ಬಾಗ್ಲಿಗೆ ಬತ್ತಾಳಲ್ಲ?"

"ನಾನೇನೂ ಮಾಡಿಲ್ಲ ಪುಟ್ಟಮ್ಮ. ಅವಳಾಗೇ ಬತ್ತಾಳೆ," ಎಂದರು ಅತ್ತೆ.

"ಯಾರೂ ಕರೀದೆ ಯಾರ್ ಬತ್ತಾರೆ ಬುಡಿ," ಎಂದು ಪುಟ್ಟಮ್ಮ ಕೊಡ ಎತ್ತಿಕೊಂಡರು.

ನಿಜ ತಿಳಿದದ್ದು ಅದಾದ ಸ್ವಲ್ಪ ದಿನಕ್ಕೆ. ನಾನು ಒಳಗಿನ ಕೋಣೆಯಲ್ಲಿ ಊಟಕ್ಕೆ ಕೂತಿದ್ದೆ. ಅತ್ತೆಯ ಪ್ರಾರ್ಥನೆ ತಾರಕಕ್ಕೆ ಹೋಗಿತ್ತು. ಆಕಾಶ, ಭೂಮಿ, ಸಮುದ್ರಗಳೆಲ್ಲ ಬಂದು ಹೋಗುತ್ತಿದ್ದವು. ಕೊನೆಗೆ "ಆಮೆನ್" ಎಂದರು. ಆಮೇಲೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಸಣ್ಣದಾಗಿ, ನೆಮ್ಮದಿಯಾಗಿ, ಒಂದು ಗೊರಕೆ ಕೇಳಿಸಿತು.

ಎದ್ದು ಹೋಗಿ ನೋಡಿದೆ. ರಂಗಮ್ಮ ಗೋಡೆಗೆ ಒರಗಿದವಳು ಹಾಗೇ ಜಾರಿ, ಬಾಯಿ ಅರ್ಧ ತೆರೆದು, ಕೂಸಿನ ಹಾಗೆ ನಿದ್ದೆ ಹೋಗಿದ್ದಳು. ಅತ್ತೆ ಅವಳನ್ನೇ ನೋಡುತ್ತಿದ್ದರು. ನೋಡುತ್ತಾ ನೋಡುತ್ತಾ ಅವರಿಗೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೈ ಕುಲುಕುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಇಷ್ಟ್ ದಿನ ಯಾರಿಗ್ಲಾ ನಾನು ಅಲಂಕಾರ ಮಾಡ್ತಿದ್ದದ್ದು?" ಎಂದು ಪಿಸುಗುಟ್ಟಿದರು.

ರಂಗಮ್ಮ ದಡಬಡಿಸಿ ಎದ್ದಳು. ನಾವಿಬ್ಬರೂ ನೋಡುತ್ತಿರುವುದು ಕಂಡು ಅಳುವುದೊಂದು ಬಾಕಿ. ಹೋಟೆಲಿನ ಇಡ್ಲಿಗೆ ಬೆಳಕು ಹರಿಯುವ ಮುಂಚೆಯೇ ಏಳಬೇಕು. ರಾತ್ರಿಯೆಲ್ಲ ಪುಟ್ಟಮ್ಮನ ಉಬ್ಬಸ, ಬೆನ್ನು ನೀವುತ್ತಾ ಕೂರಬೇಕು. ಹಗಲು ಮಲಗಿದರೆ ಮನೆಯಲ್ಲಿ ಮಾತು ಬರುತ್ತದೆ.

"ಇಲ್ಲಾದ್ರೆ ಕಣ್ ಮುಚ್ಚಿದ್ರೂ ಯಾರೂ ಏನೂ ಅನ್ನಲ್ಲ. ಅದಕ್ಕೇ ಬತ್ತಿದ್ದೆ ಅಮ್ಮಾರೆ. ನಮ್ಮತ್ತೆಗೆ ಹೇಳ್ಬ್ಯಾಡಿ, ನಿಮ್ ದಮ್ಮಯ್ಯ," ಎಂದಳು.

"ಹೇಳಲ್ಲ ಬುಡು," ಎಂದರು ಅತ್ತೆ. ಒಳಗೆ ಹೋಗಿ ದಿಂಬು ತಂದು ಕೊಟ್ಟರು.

ಮಾರನೆಯ ದಿನದಿಂದ ಅತ್ತೆಯ ಪ್ರಾರ್ಥನೆಗೆ ಸದ್ದೇ ಇಲ್ಲ. ಬಾಗಿಲು ಮುಂದಕ್ಕೆ ಎಳೆದುಕೊಂಡು, ಅವಳ ನಿದ್ದೆ ಕೆಡದಂತೆ, ತುಟಿಯನ್ನಷ್ಟೇ ಆಡಿಸುತ್ತಿದ್ದರು. "ಈಗ ಮಂಡಿ ನೋವು ವಾಪಸು ಬಂತು ಕಣಪ್ಪ, ಪ್ರಾರ್ಥನೆ ಒಳಕ್ಕೆ," ಎಂದು ನನಗೆ ಹೇಳಿದಾಗ ಅವರ ಮುಖದಲ್ಲಿ ಬಹಳ ದಿನದ ಮೇಲೆ ಗೆಲುವಿತ್ತು. ಮೊದಲು ಇವಳು ತಮ್ಮ ಧ್ಯಾನ ಕೆಡಿಸಲು ಬಂದವಳು ಎಂದುಕೊಂಡಿದ್ದರಂತೆ. ಈಗ ಅವಳು ಉಸಿರಾಡುವ ಸದ್ದು ಕೇಳಿಸಿದರೆ ತಮ್ಮ ಮನಸ್ಸೂ ಒಂದು ಕಡೆ ನಿಲ್ಲುತ್ತದೆ ಎಂದರು.

ಆದರೆ ಸದ್ದಿಲ್ಲದ ಪ್ರಾರ್ಥನೆ, ಎಳೆದುಕೊಂಡ ಬಾಗಿಲು, ಒಳಗೆ ನೆರೆಮನೆಯ ಸೊಸೆ. ಹೊರಗಿನವರಿಗೆ ಇದು ಹೇಗೆ ಕಂಡಿರಬೇಕು, ನೀವೇ ಹೇಳಿ. ಮೊದಲಾದರೂ ಏನು ನಡೆಯುತ್ತದೆಂದು ಕಿವಿಗೆ ಬೀಳುತ್ತಿತ್ತು. ಒಂದು ಸಂಜೆ ಶಿವಣ್ಣನವರು ಬೀದಿಯ ಇಬ್ಬರನ್ನು ಕರೆದುಕೊಂಡು ಬಂದರು. ಅವರು ಕೆಟ್ಟವರಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಎಲ್ಲಿ ನೋಡಬೇಕೆಂದು ತಿಳಿಯದೆ ಫ್ಯಾನು ನೋಡುತ್ತಾ ಕೂತರು.

"ನರ್ಸಮ್ಮಾರೆ, ತಪ್ಪು ತಿಳ್ಕಾಬ್ಯಾಡಿ. ಪುಟ್ಟಮ್ಮನ ಸೊಸೇನ ನಿಮ್ ಮತಕ್ಕೆ ಸೇರುಸ್ತಾವ್ರೆ ಅಂತ ಮಾತು ಬಂದೈತೆ. ಅವಳು ಇಲ್ಲಿಗ್ ಬಂದು ಏನ್ ಮಾಡ್ತಾಳೆ, ಅಷ್ಟು ಹೇಳ್ಬುಡಿ."

ಹೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಬಾಯಿ ತೆರೆದೆ. ಅತ್ತೆ ನನ್ನ ಕಡೆ ಒಂದು ನೋಟ ನೋಡಿದರು. ವಾರ್ಡಿನಲ್ಲಿ ಗಲಾಟೆ ಮಾಡುವವರನ್ನು ನರ್ಸುಗಳು ನೋಡುತ್ತಾರಲ್ಲ, ಆ ನೋಟ. ಮುಚ್ಚಿಕೊಂಡೆ.

"ಬತ್ತಾಳೆ, ಕೂತ್ಕೊತಾಳೆ, ಹೋಗ್ತಾಳೆ. ನಾನು ಅವಳಿಗೆ ಏನೂ ಹೇಳ್ಕೊಟ್ಟಿಲ್ಲ. ಇದಕ್ಕಿಂತ ಹೆಚ್ಚು ನಾನು ಹೇಳೋ ಹಂಗಿಲ್ಲ ಶಿವಣ್ಣೋರೆ."

"ಹೇಳೋ ಹಂಗಿಲ್ಲ ಅಂದ್ರೆ ಏನೋ ಐತೆ ಅಂತ ಆಯ್ತಲ್ಲಮ್ಮ?"

"ನೀವು ಹಂಗೇ ತಿಳ್ಕಂಡ್ರೆ ನಾನೇನ್ ಮಾಡ್ಲಿ."

ಶಿವಣ್ಣನವರು, ಮನೆ ಖಾಲಿ ಮಾಡಿಕೊಡಿ ಎಂದು ನೆಲ ನೋಡುತ್ತಾ ಹೇಳಿದರು. ಅವರು ಹೋದ ಮೇಲೆ ನಾನು ಕೂಗಾಡಿದೆ. ಒಂದು ಹೆಣ್ಣುಮಗಳ ನಿದ್ದೆಗಾಗಿ ಇದ್ದ ಮನೆ ಬಿಡುತ್ತೀರಾ ಎಂದೆ. ಅತ್ತೆ ಕಿಟಕಿಯಿಂದ ಹೊರಗೆ ನೋಡುತ್ತಾ, "ಮಾತು ಕೊಟ್ಟಿವ್ನಿ ಕಣ್ಲಾ," ಎಂದಷ್ಟೇ ಹೇಳಿದರು. ಅವತ್ತಿನಿಂದ ರಂಗಮ್ಮ ಬರುವುದೂ ನಿಂತಿತು. ಮನೆಯವರು ತಡೆದಿರಬೇಕು.

ತಿಪಟೂರಿನಲ್ಲಿ ಬೇರೆ ಮನೆ ಗೊತ್ತುಮಾಡಿದೆ. ಸಾಮಾನು ಹೊರಡುವ ದಿನ ಲಗೇಜ್ ಆಟೋ ಬಂತು. ಮಂಚ, ಬೀರು, ಗಡಿಯಾರ ಎಲ್ಲ ಏರಿಸಿದೆವು. ಬೀದಿಯವರು ತಂತಮ್ಮ ಬಾಗಿಲಲ್ಲಿ ನಿಂತಿದ್ದರು. ಆಗ ನಡುವಿನ ಮನೆಯ ಬಾಗಿಲಿನಿಂದ ರಂಗಮ್ಮ ಹೊರಗೆ ಬಂದಳು. ಕೈಯೆಲ್ಲ ಇಡ್ಲಿ ಹಿಟ್ಟು. ಅಂಗಳದ ನಡುವೆ ನಿಂತು, ಯಾರ ಮುಖವನ್ನೂ ನೋಡದೆ ಗಟ್ಟಿಯಾಗಿ ಹೇಳಿದಳು:

"ನಾನು ಅಲ್ಲಿಗೆ ಹೋಗ್ತಿದ್ದುದು ನಿದ್ದೆ ಮಾಡಾಕೆ. ಅಮ್ಮಾರು ನಂಗೆ ಏನೂ ಹೇಳ್ಕೊಟ್ಟಿಲ್ಲ. ದಿಂಬು ಕೊಟ್ರು."

ಪುಟ್ಟಮ್ಮ ಜಗಲಿಯಿಂದ ಎದ್ದು ನಿಂತರು. "ನಿದ್ದೆ ಮಾಡಾಕೆ ನಮ್ಮನೇಲಿ ಜಾಗ ಇರ್ಲಿಲ್ವೇನೇ?" ಎಂದರು.

ಪುಟ್ಟಮ್ಮನಿಗೆ ಅದೇ ಕ್ಷಣಕ್ಕೆ ಕೆಮ್ಮು ಬಂತು, ಬಗ್ಗಿದರು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ರಂಗಮ್ಮ ಓಡಿಹೋಗಿ ಬೆನ್ನು ನೀವತೊಡಗಿದಳು. ಕೆಮ್ಮು ನಿಲ್ಲುವವರೆಗೂ ಅಷ್ಟು ಜನವೂ ಅದನ್ನೇ ನೋಡುತ್ತಾ ನಿಂತೆವು. ಉಸಿರು ಹಿಡಿತಕ್ಕೆ ಬಂದ ಮೇಲೆ ಪುಟ್ಟಮ್ಮ ಸೊಸೆಯ ಮುಖವನ್ನು, ಅದರಲ್ಲೂ ಕಣ್ಣ ಕೆಳಗಿನ ಕಪ್ಪನ್ನು, ಮೊದಲ ಸಲ ಕಂಡವರ ಹಾಗೆ ದಿಟ್ಟಿಸಿದರು.

ಶಿವಣ್ಣನವರು ಆಟೋದ ಹತ್ತಿರ ಬಂದು, "ಇಲ್ಲೇ ಇದ್ಬುಡಿ ನರ್ಸಮ್ಮಾರೆ," ಎಂದರು.

ನನಗೆ ಮೈ ಉರಿಯುತ್ತಿತ್ತು. "ಬೇಡ ಅತ್ತೆ, ಹೋಗೋಣ. ಇಷ್ಟಾದ್ಮೇಲೆ ಇಲ್ಲಿ ಇರೋದಾ?" ಎಂದೆ. ಅತ್ತೆ ಆಟೋದ ಪಕ್ಕ ನಿಂತೇ ಇದ್ದರು. ಅವರು ಏನು ಮಾಡುತ್ತಿದ್ದಾರೆಂದು ನನಗೆ ಗೊತ್ತಿತ್ತು: ಒಳಗೆಲ್ಲ ಬಿಚ್ಚಿ ನೋಡಿಕೊಳ್ಳುತ್ತಿದ್ದರು. ಕೊನೆಗೆ, "ಹೋಗ್ಬೇಕು ಅನ್ನಿಸ್ತಾ ಐತೆ. ಆದ್ರೆ ಹಂಗನ್ನಿಸ್ತಾ ಇರೋದು ನನ್ ಸೊಕ್ಕಿಗೆ ಕಣ್ಲಾ. ಇಳ್ಸು ಸಾಮಾನು," ಎಂದರು.

ಇಳಿಸಿದೆವು. ಬೀರುವಿನ ಒಂದು ಕಡೆ ಶಿವಣ್ಣನವರೇ ಹಿಡಿದರು. ಕೆಲವು ದಿನ ಯಾರೂ ಯಾರ ಮುಖವನ್ನೂ ನೇರವಾಗಿ ನೋಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಪುಟ್ಟಮ್ಮನೇ ಜಗಲಿಯಿಂದ, "ಹೋಗೇ, ಒಂದ್ ಗಳಿಗೆ ಒರಿಕ್ಕಂಡು ಬಾ," ಎಂದು ಸೊಸೆಯನ್ನು ಕಳಿಸಿದ್ದನ್ನು ನಾನು ಕೇಳಿದೆ. ರಂಗಮ್ಮ ಬಂದಳು, ಮಲಗಿದಳು. ಅವಳು ಕ್ರೈಸ್ತಳಾಗಲಿಲ್ಲ. ಆಗಬೇಕೆಂದು ಅತ್ತೆ ಕೇಳಲೂ ಇಲ್ಲ. ಅವಳಿಗಾಗಿ ಪ್ರಾರ್ಥಿಸುತ್ತಿದ್ದರೋ ಎಂದು ಒಮ್ಮೆ ಕೇಳಿದ್ದಕ್ಕೆ, "ಅದು ನಿಂಗ್ಯಾಕೆ?" ಎಂದರು.

ಇಷ್ಟು ನೆನೆಯುವಷ್ಟರಲ್ಲಿ ಚರ್ಚಿನಲ್ಲಿ ಅಯ್ಯನವರು "ಆಮೆನ್" ಎಂದರು. ನಾನೂ ಎಲ್ಲರಿಗಿಂತ ಗಟ್ಟಿಯಾಗಿಯೇ "ಆಮೆನ್" ಎಂದೆ, ಒಂದು ಮಾತನ್ನೂ ಕೇಳಿಸಿಕೊಳ್ಳದೆ. ಚರ್ಚು ಬಿಟ್ಟ ಮೇಲೆ ಮನೆಗೆ ಹೋಗುವ ಬದಲು ತುರುವೇಕೆರೆಯ ಬಸ್ಸು ಹತ್ತಿದೆ.

ಅತ್ತೆಗೆ ಈಗ ವಯಸ್ಸು ಬಹಳವಾಗಿದೆ. ನಾನು ಮದುವೆಯಾಗಿ ತಿಪಟೂರಿಗೆ ಬಂದ ಮೇಲೂ ಅವರಿರುವುದು ಅದೇ ಮನೆ. ಊಟ, ತಿಂಡಿ ನಡುವಿನ ಮನೆಯಿಂದ ಬರುತ್ತದೆ. ನೆನಪು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಅವತ್ತು ಇರಲಿಲ್ಲ. ಚಾಪೆಯ ಮೇಲೆ ಕೂತಿದ್ದವರು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.

"ಯಾರಪ್ಪ ನೀನು? ಯಾಕ್ ಬಂದೆ?"

ಹೆಸರು ಹೇಳಿದೆ. ಗುರುತು ಹತ್ತಲಿಲ್ಲ. "ನಿಮ್ ಜೊತೆ ಪ್ರಾರ್ಥನೆ ಮಾಡೋಣ ಅಂತ ಬಂದೆ ಅತ್ತೆ," ಎಂದೆ.

"ಸುಮ್ನೆ ಪ್ರಾರ್ಥನೆಗೆ ಅಂತ ಯಾರೂ ಬರಲ್ಲ. ನಿಜ ಹೇಳು."

ಎಲ್ಲವೂ ಮರೆತುಹೋಗಿತ್ತು, ಅನುಮಾನ ಒಂದು ಉಳಿದಿತ್ತು. ಅದರ ಮುಂದೆ ನನ್ನ ನೆಪ ನಿಲ್ಲಲಿಲ್ಲ. ಇಷ್ಟು ದಿನ ಚರ್ಚಿನಲ್ಲಿ ಹೇಳದ್ದನ್ನು, ಮನೆಯಲ್ಲಿ ಹಾಸಿಗೆಯ ಮೇಲೂ ದೇವರಿಗೆ ಹೇಳದೆ, ಲೋಕದವರಿಗಾಗಿ ಬೇಡಿಕೊಂಡು ತಪ್ಪಿಸಿಕೊಂಡಿದ್ದನ್ನು ಹೇಳಿದೆ.

"ನನ್ ಹೆಂಡ್ತಿಗೆ ಎದೇಲಿ ಗಂಟು ಆಗಿದೆ ಅತ್ತೆ. ಪರೀಕ್ಷೆಗೆ ಕಳಿಸಿದ್ದಾರೆ. ಇನ್ನೂ ಏನೂ ಹೇಳಿಲ್ಲ. ನಂಗೆ ಭಯ ಆಗ್ತಿದೆ."

ಅತ್ತೆಯ ಕಿರಿದಾದ ಕಣ್ಣು ಅಗಲವಾಯಿತು. ಮುದುಡಿದ ಕೈಯನ್ನು ನನ್ನ ತಲೆಯ ಮೇಲೆ ಇಟ್ಟರು. ನಾನು ಯಾರೆಂದು ಅವರಿಗೆ ಆಗಲೂ ಗೊತ್ತಿರಲಿಲ್ಲ.

"ಹಿಂಗೇ ಹೇಳು ಅವ್ನಿಗೆ," ಎಂದರು. "ಏನೂ ಸೇರುಸ್ಬ್ಯಾಡ. ಹೆಸ್ರೇನು ಅವಳ್ದು?"

ಹೇಳಿದೆ. ಇಬ್ಬರೂ ಕಣ್ಣು ಮುಚ್ಚಿದೆವು.