ಹದಿನೈದು ದಿನದ ಕೆಂಪು ದೀಪ

ನಮ್ಮ ಮನೆಗೆ ಇಂಟರ್ನೆಟ್ಟು ಹಾಕಿಕೊಟ್ಟ ಮಹಾಶಯರ ಮೇಲೆ ನನಗೆ ಮೊದಲ ದಿನದಿಂದಲೂ ಗೌರವವಿರಲಿಲ್ಲ. ನಾಲ್ಕು ಜನ ಬಂದಿದ್ದರು. ಒಬ್ಬ ನಿಚ್ಚಣಿಕೆ ಹಿಡಿದ, ಒಬ್ಬ ವಾಯರು ಎಳೆದ, ಇನ್ನಿಬ್ಬರು ಚಹಾ ಕುಡಿದರು. ಓಣಿಯ ಕಂಬದಿಂದ ವಾಯರನ್ನು ನಮ್ಮ ಮಾಳಿಗೆಯ ಮೇಲೆ ಹಾಯಿಸಿ, ಪಡಸಾಲೆಗೆ ಇಳಿಸಿ, ಒಂದು ಬಿಳಿ ಡಬ್ಬಿ ಕೂಡಿಸಿದರು. ಹಸಿರು ದೀಪ ಇದ್ದರೆ ಎಲ್ಲಾ ಸರಿ, ಕೆಂಪು ಹತ್ತಿದರೆ ಫೋನ್ ಮಾಡಿರಿ ಎಂದರು. ಫೋನ್ ಎತ್ತುತ್ತೇವೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ನನಗೇನು ಅದು ಬೇಕಾಗಿರಲಿಲ್ಲ. ನಾನು ನವಲಗುಂದದ ಸುತ್ತಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಪ್ರಾಥಮಿಕ ಶಾಲೆಯ ಅಕ್ಕೋರಾಗಿದ್ದು ನಿವೃತ್ತಳಾದವಳು. ಬೇಕಾಗಿದ್ದದ್ದು ಸೊಸೆಗೆ. ಬಿ.ಎಡ್. ಮುಗಿಸಿ ನಾಲ್ಕು ವರ್ಷ ನಮ್ಮ ಮನೆಯಲ್ಲಿ ರೊಟ್ಟಿ ಬಡಿದ ಹುಡುಗಿ. ಮುಂಬೈ ಕಡೆ ನೆಲೆಸಿದ ಕನ್ನಡದ ಮನೆಗಳ ಮಕ್ಕಳಿಗೆ ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರಿನಲ್ಲಿ ಗಣಿತ ಹೇಳುವ ಕೆಲಸ ಅವಳ ಕೈಗೆ ಬರುವಂತಿತ್ತು. ಮೊದಲ ಹದಿನೈದು ದಿನ ಪರೀಕ್ಷೆ. ಅಷ್ಟರೊಳಗೆ ಪಾಠ ಮೂರು ಸಲ ನಡುವೆ ಕಡಿದರೆ ಕೆಲಸ ಇಲ್ಲ. ಈ ಕರಾರು ಓದಿ ಹೇಳುವಾಗ ಅವಳ ಧ್ವನಿ ಸಣ್ಣಗಾಗಿತ್ತು. ಹೆದರಬೇಡ, ನಾನಿದ್ದೇನೆ ಎಂದೆ.

ಅದು ಮಹಾನವಮಿಯ ಹೊಸ್ತಿಲ ಹೊತ್ತು. ನಮ್ಮ ಕಡೆ ನವರಾತ್ರಿಯ ಘಟ ಕೂಡುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆದಾಗಬೇಕು. ನನ್ನ ಅತ್ತೆ ಕೈಯಾರೆ ಹೊಲಿದ ಕೌದಿಗಳು ನಾಲ್ಕಿವೆ. ಒಂದೊಂದರ ಒಳಗೆ ಐದೈದು ಹಳೆಯ ಸೀರೆ. ಹಸಿಯಾದರೆ ಒಬ್ಬರ ಕೈಲಿ ಏಳುವಂಥವಲ್ಲ. ನಳದ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಊರಿನಲ್ಲಿ, ನೀರು ಬಂದ ದಿನ ಒಂದು ಕೌದಿ ಎಂದು ನಾನು ಲೆಕ್ಕ ಹಾಕಿದೆ. ಒಂದು ತುದಿ ನಾನು, ಒಂದು ತುದಿ ಸೊಸೆ ಹಿಡಿದು ಮಾಳಿಗೆಗೆ ಒಯ್ದು ಒಣಹಾಕುತ್ತಿದ್ದೆವು. ಆಮೇಲೆ ಅವಳು ಕೆಳಗೆ ಓಡಿ, ಸೆರಗು ಸರಿಮಾಡಿಕೊಂಡು ಕಂಪ್ಯೂಟರಿನ ಮುಂದೆ ಕೂಡುವಳು.

ಮೊದಲನೇ ಕೌದಿಯ ದಿನವೇ ಕೆಂಪು ದೀಪ ಹತ್ತಿತು. ಪಾಠ ಕಡಿಯಿತು. ಫೋನ್ ಹಚ್ಚಿದರೆ ಒಬ್ಬ ಹೆಣ್ಣುಮಗಳು ಜೇನಿನಂಥ ದನಿಯಲ್ಲಿ ಡಬ್ಬಿಯನ್ನು ಆರಿಸಿ ಮತ್ತೆ ಹಚ್ಚಿ ಎಂದಳು. ಹಚ್ಚಿದೆವು. ಡಬ್ಬಿಯನ್ನು ಕಂಡುಹಿಡಿದವನಿಗೂ ಇದೊಂದೇ ಮದ್ದು ಗೊತ್ತಿತ್ತೋ ಏನೋ! ರಿಪೇರಿಯವನು ಬಂದದ್ದು ಸಂಜೆ ಆರಕ್ಕೆ. ಆಗ ಕೌದಿ ಮಡಿಚಿ ಒಳಗಿಟ್ಟಾಗಿತ್ತು, ದೀಪ ಹಸಿರಾಗಿತ್ತು. ಎಲ್ಲಾ ಬರೋಬರಿ ಐತ್ರಿ ಅಕ್ಕೋರ ಎಂದ. ಮುಖ ನೋಡಿದೆ. ನನ್ನ ಕೈಯಲ್ಲೇ ಕಲಿತವನು, ಈಗ ಎರಡು ಮಕ್ಕಳ ತಂದೆ.

"ನಿನಗ ಏಳರ ಮಗ್ಗಿ ಕಲಿಸಾಕ ನನಗ ಎರಡ ವರ್ಷ ಹಿಡೀತು," ಎಂದೆ. "ವಾಯರ್ ಕಲಿಸಿದ ಪುಣ್ಯಾತ್ಮ ಇನ್ನೂ ಜೀವಂತ ಅದಾನೋ ಇಲ್ಲೋ?"

ಸೊಸೆ ಅವನಿಗಾಗಿ ತಂದ ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ಎರಡನೇ ಸಲ ನೀರು ಬಂದ ದಿನ ಮತ್ತೆ ಅದೇ ರಾಮಾಯಣ. ಆಗ ನನಗೆ ಎಲ್ಲಾ ಹೊಳೆಯಿತು. ನೀರು ಬಂದ ದಿನವೇ ನೆಟ್ಟು ಹೋಗುತ್ತದೆಂದರೆ, ಈ ಬುದ್ಧಿವಂತರು ಎಲ್ಲೋ ವಾಯರನ್ನು ನಳದ ಪೈಪಿನ ತೆಗ್ಗಿನಲ್ಲಿ ಹಾಯಿಸಿದ್ದಾರೆ! ಸಂಜೆ ಬಂದ ಅವನ ಕೈಗೆ ಗುದ್ದಲಿ ಕೊಟ್ಟು ಬಾಗಿಲ ಮುಂದಿನ ತೆಗ್ಗು ಅಗೆಸಿದೆ. ಕಪ್ಪು ಎರೆಮಣ್ಣು ಬಿಟ್ಟು ಏನೂ ಸಿಗಲಿಲ್ಲ. ಮೊಣಕಾಲವರೆಗೆ ಕೆಸರಾಗಿ ನಿಂತವನಿಗೆ, ಅಗೆಯುವುದೂ ನಿನಗೆ ನೆಟ್ಟಗೆ ಬರುವುದಿಲ್ಲ ಎಂದೆ.

ಮೂರನೇ ಕೌದಿಯ ದಿನ ಪಾಠ ಅಡ್ಡಿಯಿಲ್ಲದೆ ಸಾಗಿತು. ನನ್ನ ಬೈಗುಳ ನಾಟಿತು ನೋಡು ಎಂದು ಸೊಸೆಯ ಮುಂದೆ ಕೊಚ್ಚಿಕೊಂಡೆ. ಅವಳು ಹೂಂ ಎಂದಳು. ಮಧ್ಯಾಹ್ನ ಮಾಳಿಗೆಗೆ ಹೋದರೆ ಕೌದಿ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ಮಂಗಗಳ ಕೆಲಸ ಎಂದು ಅವುಗಳ ವಂಶಕ್ಕೆಲ್ಲ ಶಾಪ ಹಾಕಿದೆ.

ನಾಲ್ಕನೆಯದು ಎಲ್ಲಕ್ಕಿಂತ ದಪ್ಪನೆಯ ಕೌದಿ. ಪರೀಕ್ಷೆ ಮುಗಿಯಲು ಎರಡೇ ದಿನ ಉಳಿದಿದ್ದವು, ಇನ್ನೊಮ್ಮೆ ಕಡಿದರೆ ಮುಗಿಯಿತು. ನಾನು ಎರಡೂ ಕಡೆ ಬಂದೋಬಸ್ತು ಮಾಡಿದೆ. ಮಂಗಗಳು ಎಳೆಯದಂತೆ ಕೌದಿಯ ನಾಲ್ಕೂ ಮೂಲೆಗೆ ದಾರ ಬಿಗಿದು ಗಂಟು ಹಾಕಿದೆ. ರಿಪೇರಿಯವನಿಗೆ ಫೋನ್ ಮಾಡಿ, ಸಂಜೆಯ ಸೋಗು ಸಾಕು, ಬೆಳಿಗ್ಗೆ ಪಾಠದ ಹೊತ್ತಿಗೇ ಬಂದು ನಿಲ್ಲು ಎಂದು ಗದರಿಸಿದೆ. ಗಂಟು ಹಾಕುವಾಗ ಸೊಸೆ, ಇಷ್ಟು ಬಿಗಿ ಬೇಕೇನ್ರಿ ಎಂದು ಕೇಳಿದಳು. ಬೇಕು ಎಂದೆ.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಕೆಂಪು ದೀಪ. ಸೊಸೆ ಕಂಪ್ಯೂಟರು ಆರಿಸಿದಳು. ಐದು ನಿಮಿಷಕ್ಕೆ ರಿಪೇರಿಯವನು ಬಂದ, ಡಬ್ಬಿ ನೋಡಿದ, ನೆಟ್ಟಗೆ ಮಾಳಿಗೆ ಹತ್ತಿದ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕರೆದ.

"ಅಕ್ಕೋರ, ಒಂದೀಟ ಮ್ಯಾಲ ಬರ್ರಿ."

ನನ್ನ ಕೌದಿ ಅವನ ವಾಯರಿನ ಮೇಲೆ ನೇತಾಡುತ್ತಿತ್ತು. ಒಣಹಾಕುವ ಹಗ್ಗ ಮಳೆಗೆ ಕೊಳೆತುಹೋಗಿತ್ತು. ಪುಕ್ಕಟೆ ಬಿಗಿದುಕೊಟ್ಟ ವಾಯರು ಇರುವಾಗ ಹೊಸ ಹಗ್ಗ ಯಾಕೆ ಎಂದವಳು ನಾನೇ. ಭಾರಕ್ಕೆ ವಾಯರು ಜೋತು, ಅಡ್ಡಗೋಡೆಯ ಅಂಚಿನಲ್ಲಿ ಚೂಪಾಗಿ ಮಡಿಚಿಕೊಂಡಿತ್ತು.

"ಇದರೊಳಗ ಗಾಜಿನ ಎಳಿ ಐತ್ರಿ," ಎಂದ. "ಹಿಂಗ ಮಡಚಿದ್ರ ಬೆಳಕ ಮುಂದ ಹೋಗೂದಿಲ್ಲ."

ಅಷ್ಟೇ ಅಂದ. ಗಂಟುಗಳನ್ನು ಒಂದೊಂದಾಗಿ ಬಿಚ್ಚಿದ. ನಾನಾಗಿದ್ದರೆ ಇಡೀ ಓಣಿಗೆ ಕೇಳುವಂತೆ ಅನ್ನುತ್ತಿದ್ದೆ. ಅವನು ಕೌದಿಯನ್ನು ಗೋಡೆಯ ಮೇಲೆ ಹರವಿ, ಸುಕ್ಕು ಬಿಡಿಸಿ, ಇಳಿದು ಹೋದ. ಚಹಾ ಕುಡಿ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ.

ಸಂಜೆ ಕೆಲಸ ಇಲ್ಲವೆಂಬ ಸಂದೇಶ ಬಂತು. ಸೊಸೆ ಓದಿ, ಫೋನನ್ನು ಕೆಳಗಿಟ್ಟು, ಹಿಟ್ಟು ನಾದಲು ಕೂತಳು. ಮಂಗಗಳು ಕೌದಿ ಎಳೆದ ದಿನ ಪಾಠ ಸರಿಯಾಗಿ ಆಗಿತ್ತಲ್ಲ, ಅವತ್ತೇ ನಮಗೆ ತಿಳಿಯಬೇಕಿತ್ತು ಎಂದೆ ನಾನು.

"ಅವು ಮಂಗ್ಯಾ ಅಲ್ರಿ ಅತ್ತಿ. ಅವತ್ತ ಕೌದಿ ಎಳದಾಕಿ ನಾನ."

"ಗೊತ್ತಿದ್ದೂ ಬಾಯಿ ಮುಚಗೊಂಡು ಕುಂತಿದ್ದಿ? ಹೇಳಬಾರದಿತ್ತೇನ?"

ಹಿಟ್ಟಿನಿಂದ ಕೈ ತೆಗೆಯದೆ ಅವಳು ಹೇಳಿದಳು: "ನೀವು ಆ ರಿಪೇರಿಯವಗ ಅಂದದ್ದೆಲ್ಲಾ ಕೇಳಿದ್ನಲ್ರಿ."

ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಮರುದಿನ ಸಂತೆಯಿಂದ ಹತ್ತು ಮೊಳ ಹೊಸ ಹಗ್ಗ ತಂದು ನಾನೇ ಮಾಳಿಗೆಗೆ ಕಟ್ಟಿದೆ. ದೀಪಾವಳಿ ಮುಗಿದ ಮೇಲೆ ಇನ್ನೊಂದು ಕಡೆಯಿಂದ ಅವಳಿಗೆ ಅಂಥದೇ ಕೆಲಸಕ್ಕೆ ಕರೆ ಬಂತು, ಅಲ್ಲಿಯೂ ಹದಿನೈದು ದಿನದ ಪರೀಕ್ಷೆ. ಪಾಠ ಅಲ್ಲಿಂದಲೇ ಹೇಳುತ್ತೇನೆಂದು ಅವಳು ಬಟ್ಟೆ ಕಟ್ಟಿಕೊಂಡು ದೇವಿಕೊಪ್ಪದ ತವರಿಗೆ ಹೋದಳು. ಅಲ್ಲಿ ನೆಟ್ಟು ಗಾಳಿ ಬೀಸಿದರೂ ಹೋಗುತ್ತದೆ, ಕರೆಂಟು ಹೋದರೂ ಹೋಗುತ್ತದೆ. ನಮ್ಮ ಡಬ್ಬಿಯಲ್ಲಿ ಆ ಹದಿನೈದು ದಿನವೂ ಹಸಿರು ದೀಪ ಇತ್ತು.