ನಳದ ಬದಿಯ ಕೇಪುಳ

ನಾನು ಚಿಕ್ಕವನಿದ್ದಾಗ ಡೊಂಬಿವಲಿಯಲ್ಲಿ ನಮ್ಮ ಮನೆ ಎಂದರೆ ಚಾಳಿನ ಒಂದೇ ಒಂದು ಖೋಲಿ. ಕೈಕಾಲು ಚಾಚಿ ಮಲಗಿದರೆ ಗೋಡೆ ತಗಲುತ್ತಿತ್ತು. ಅಂಥ ಕಡೆ ಹೂವಿನ ಗಿಡ ಬೆಳೆಸುತ್ತೇನೆಂದು ಹಟ ಹಿಡಿದವಳು ನನ್ನ ಅಕ್ಕ. ರಜೆಯಲ್ಲಿ ಉಡುಪಿಯ ಕಡೆಗೆ ಹೋದಾಗ ಗುಡ್ಡದಿಂದ ಒಂದು ಕೇಪುಳದ ಸಸಿ ಕಿತ್ತು, ಹಾಲಿನ ಪುಡಿಯ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ರಾತ್ರಿಯಿಡೀ ಮಡಿಲಲ್ಲೇ ಹಿಡಿದುಕೊಂಡು ತಂದಿದ್ದಳು.

ಚಾಳಿನ ಹಿಂದೆ ಎಲ್ಲರಿಗೂ ಸೇರಿ ಒಂದು ನಳವಿತ್ತು. ಅದರಿಂದ ಚೆಲ್ಲಿದ ನೀರು ಇಳಿದು ಪಕ್ಕದ ನೆಲ ಬೇಸಿಗೆಯಲ್ಲೂ ಹಸಿಯಾಗಿರುತ್ತಿತ್ತು. ಅಕ್ಕ ಅಲ್ಲೇ ಗಿಡ ನೆಟ್ಟಳು. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಅಪ್ಪ ಸೋಸಿ ಉಳಿದ ಚಹಾಪುಡಿ ತಂದುಕೊಡುತ್ತಿದ್ದರು. ಅದನ್ನೂ ಒಣಗಿದ ಎಲೆಗಳನ್ನೂ ಅವಳು ಬುಡಕ್ಕೆ ಹರಡುತ್ತಿದ್ದಳು. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ನಮ್ಮ ಮೂಗೆಲ್ಲ ಉರಿಯುತ್ತಿದ್ದರೂ ಆ ಗಿಡಕ್ಕೆ ಏನೂ ಆಗಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಎತ್ತರಕ್ಕೆ ಬೆಳೆದು ಕೆಂಪು ಗೊಂಚಲುಗಳನ್ನು ಬಿಟ್ಟಿತು. ಒಂದು ಹೂ ಕಿತ್ತು, ನಡುವಿನ ಎಳೆಯನ್ನು ಮೆಲ್ಲಗೆ ಎಳೆದರೆ ತುದಿಯಲ್ಲಿ ಒಂದು ಹನಿ ಜೇನು. ನಾಲಿಗೆಗೆ ಸೋಕುವಷ್ಟರಲ್ಲಿ ಮುಗಿದುಹೋಗುತ್ತಿತ್ತು.

ಅಕ್ಕನ ಆಸೆ ಮಾತ್ರ ಹೂವಿನ ಮೇಲಲ್ಲ, ಹಣ್ಣಿನ ಮೇಲೆ. ಹೂ ಉದುರಿದ ಮೇಲೆ ಸಣ್ಣ ಹಣ್ಣಾಗುತ್ತದೆ, ಅದಕ್ಕೆ ಪಿಕಳಾರ ಹಕ್ಕಿ ಬರುತ್ತದೆ ಎಂದು ಅವಳು ನನಗೆ ಆಸೆ ಹುಟ್ಟಿಸಿದ್ದಳು. ಆದರೆ ಹಣ್ಣಾಗುವುದಕ್ಕೆ ಹೂ ಉಳಿಯಬೇಕಲ್ಲ? ನಾವು ಏಳುವಷ್ಟರಲ್ಲಿ ಗಿಡ ಬೋಳಾಗಿರುತ್ತಿತ್ತು.

ಒಂದು ಭಾನುವಾರ ಅಕ್ಕ ನನ್ನನ್ನೂ ಎಬ್ಬಿಸಿಕೊಂಡು ಮುಂಜಾನೆಯೇ ನಳದ ಹತ್ತಿರ ಕಾದು ನಿಂತಳು. ಬಂದದ್ದು ಎದುರು ಖೋಲಿಯ ಮರಾಠಿ ಅಜ್ಜಿ. ನಾವೆಲ್ಲ ಅವರನ್ನು ಆಜಿ ಎನ್ನುತ್ತಿದ್ದೆವು. ಆಜಿ ನಮ್ಮನ್ನು ನೋಡಿಯೂ ನೋಡದವರಂತೆ ಬುಟ್ಟಿಗೆ ಹೂ ಬಿಡಿಸತೊಡಗಿದರು.

"ಆಜಿ, ಒಂದು ಗೊಂಚಲಾದರೂ ಬಿಡಿ. ಗಿಡ ನೆಟ್ಟದ್ದು ನಾನು" ಎಂದು ಅಕ್ಕ ತನಗೆ ಬಂದ ಮರಾಠಿಯಲ್ಲಿ ಜೋರು ಮಾಡಿದಳು.

"ನೆಟ್ಟದ್ದು ನೀನು, ಹೂ ದೇವರದ್ದು" ಎಂದರು ಆಜಿ. ಕೈ ನಿಲ್ಲಿಸಲಿಲ್ಲ.

ಒಳಗಿಂದ ಅಪ್ಪ ಬಂದರು. "ಬೆಳಿಗ್ಗೆ ಬೆಳಿಗ್ಗೆ ಎಂತ ನಿಂದು ಗಲಾಟೆ ಮಾರಾಯ್ತಿ? ಒಳಗೆ ಬಾ." ಅಕ್ಕ ಮುಖ ಊದಿಸಿಕೊಂಡು ಮೂಲೆಯಲ್ಲಿ ಕುಳಿತಳು, ತಿಂಡಿಯನ್ನೂ ಮುಟ್ಟಲಿಲ್ಲ.

ಬಿಸಿಲೇರುವ ಹೊತ್ತಿಗೆ ಚಾಳಿನ ಮಾಲೀಕರು ಕೆಲಸದವರನ್ನು ಕರೆದುಕೊಂಡು ಬಂದರು. ಮರಳು, ಸಿಮೆಂಟು, ಜೊತೆಗೆ ಒಂದು ಕೊಡಲಿ. ಕೆಸರಿನಿಂದ ಸೊಳ್ಳೆ ಹೆಚ್ಚಾಗಿದೆ, ನಳದ ಸುತ್ತ ಪೂರ್ತಿ ಕಲ್ಲುಹಾಸಿನ ಫರ್ಶಿ ಹಾಕಿಸುತ್ತೇನೆ ಎಂದರು. ಜನ ಖುಷಿಪಟ್ಟರು. ಗಿಡದ ಮಾತನ್ನು ಯಾರೂ ಎತ್ತಲಿಲ್ಲ. ಬಾಡಿಗೆಯ ಮನೆ, ಅಪ್ಪನಾದರೂ ಏನು ಹೇಳುತ್ತಾರೆ? ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ನನಗೆ ಅಳು ಬಂತು.

ಆಗ ಆಜಿ ಒಂದು ಮಣೆ ಹಿಡಿದುಕೊಂಡು ಹೊರಗೆ ಬಂದರು. ಅದನ್ನು ಗಿಡದ ಬುಡದಲ್ಲಿಟ್ಟು, ಸೆರಗು ಸರಿಮಾಡಿಕೊಂಡು, ಕುಳಿತೇಬಿಟ್ಟರು.

"ಹೇ ಮಾಝ್ಯಾ ದೇವಾಚಂ ಝಾಡ ಆಹೆ" ಎಂದರು. ಇದು ನನ್ನ ದೇವರ ಗಿಡ, ಅಷ್ಟೇ. ಮಾಲೀಕರು ಸಮಾಧಾನ ಹೇಳಿದರು, ಗದರಿದರು, ಕೊನೆಗೆ ನಕ್ಕರು. ಆಜಿ ಹತ್ತಿ ತೆಗೆದು ದೀಪದ ಬತ್ತಿ ಹೊಸೆಯುತ್ತಾ ಕುಳಿತರು. ಮಧ್ಯಾಹ್ನದವರೆಗೂ ಏಳಲಿಲ್ಲ. ಕೆಲಸದವರು ಗಿಡದ ಸುತ್ತ ಒಂದು ಚೌಕ ಮಣ್ಣು ಬಿಟ್ಟು, ಚೆಲ್ಲಿದ ನೀರು ಅದರೊಳಗೆ ಇಳಿಯುವಂತೆ ಇಳಿಜಾರು ಕೊಟ್ಟು ಫರ್ಶಿ ಹಾಕಿದರು.

ಮರುದಿನ ಬೆಳಿಗ್ಗೆ ಅಕ್ಕ ತಾನೇ ಹೂ ಬಿಡಿಸಿ ಆಜಿಯ ಬುಟ್ಟಿಗೆ ಹಾಕಿದಳು. ತುದಿಯ ಗೊಂಚಲುಗಳನ್ನು ಮಾತ್ರ ಬಿಟ್ಟಳು. ಆಜಿ ಅವುಗಳನ್ನು ನೋಡಿದರು, ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಆಮೇಲೆ ಅಲ್ಲಿ ಹಣ್ಣಾದವು, ಪಿಕಳಾರಗಳೂ ಬಂದವು. ನಮಗಿಂತ ಮೊದಲು ಅವುಗಳನ್ನು ಕಂಡು ನಮ್ಮನ್ನು ಕೂಗಿ ಕರೆದವರು ಆಜಿಯೇ.

ಮಕ್ಕಳೇ, ಠಾಣೆ ಪಟ್ಟಣದ ನಿಮ್ಮ ಹೌಸಿಂಗ್ ಸೊಸೈಟಿಯ ಗಾರ್ಡನ್ನಿನಲ್ಲಿ ಕೇಪುಳದ್ದೇ ಜಾತಿಯ ಗಿಡಗಳು ಸಾಲಾಗಿ ನಿಂತಿವೆ. ಮಾಲಿ ಅವುಗಳನ್ನು ಚೌಕಾಕಾರವಾಗಿ ಕತ್ತರಿಸುತ್ತಾನೆ, ಪೈಪಿನಿಂದ ನೀರು ಬಿಡುತ್ತಾನೆ. ಹೂ ಕೀಳಬಾರದೆಂದು ಬೋರ್ಡಿದೆ, ನೀವು ಒಳ್ಳೆಯ ಮಕ್ಕಳು, ಕೀಳುವುದಿಲ್ಲ. ಹೋದ ವಾರ ಪಾರ್ಕಿಂಗಿಗೆ ಜಾಗ ಸಾಲದೆಂದು ಒಂದು ಸಾಲು ಗಿಡ ತೆಗೆದರು. ಸಂಜೆ ಕೇಳಿದರೆ ನೀವಿಬ್ಬರೂ "ಕೌನ್ಸಾ ಪ್ಲಾಂಟ್, ಅಜ್ಜ?" ಎಂದಿರಿ. ನನಗೆ ಬಹಳ ಬೇಸರವಾಯಿತು. ನಾಳೆ ಬೆಳಿಗ್ಗೆ ಬೇಗ ಎದ್ದು ನನ್ನ ಜೊತೆ ಕೆಳಗೆ ಬನ್ನಿ. ಉಳಿದ ಸಾಲಿನಲ್ಲಿ ಒಂದೊಂದು ಹೂ ಕಿತ್ತು ಆ ಒಂದು ಹನಿ ಜೇನು ಸವಿಯೋಣ. ವಾಚ್‌ಮನ್ ಬೈದರೆ ನಾನು ಬೈಸಿಕೊಳ್ಳುತ್ತೇನೆ.