ಇಮಾಮ್ಬೀಯ ಎರಡನೇ ಮೆಹರ್

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಕೆತ್ತುವ ಬಂದೇನವಾಜನಿಗೆ ಎರಡು ಆಸ್ತಿ: ಒಂದು ಮನೆ, ಒಂದು ಗೋರಿ. "ಇರಲಿ ಬಿಡು, ಮುಂದ ಉಪಯೋಗಕ್ಕ ಬರತದ," ಎಂದು ಗೋರಿಯ ಮಾತು ಬಂದಾಗಲೆಲ್ಲ ನಗುತ್ತಿದ್ದ. ಹೆಂಡತಿ ಇಮಾಮ್ಬೀ ಒಮ್ಮೆಯೂ ನಕ್ಕವಳಲ್ಲ.

ಆದದ್ದಿಷ್ಟು. ೧೯೬೧ರಲ್ಲಿ, ಮದುವೆಯಾದ ಎರಡನೇ ವರ್ಷ, ಜಗಳಾಡಿಕೊಂಡು ಅವನು ಯಾರಿಗೂ ಹೇಳದೆ ವಾಡಿಯಲ್ಲಿ ಮುಂಬಯಿ ರೈಲು ಹತ್ತಿಬಿಟ್ಟ. ಗಂಡಸರ ಸಿಟ್ಟಿಗೆ ಟಿಕೀಟು ಸುಲಭವಾಗಿ ಸಿಗುತ್ತದೆ. ಎಂಟು ದಿನಕ್ಕೆ ನೀರು ತುಂಬಿದ ಹಳೆಯ ಗಣಿಯಲ್ಲಿ ಒಂದು ಹೆಣ ತೇಲಿತು. ಮುಖ ಗುರುತು ಸಿಗುವಂತಿರಲಿಲ್ಲ. ಹಸಿರು ಚೌಕಳಿ ಲುಂಗಿ ಮಾತ್ರ ಅವನದರಂತೆಯೇ ಇತ್ತು. ಜನಾಜಾ ಏಳುವ ಮುಂಚೆ ಹಿರಿಯ ಹೆಂಗಸರು ಇಮಾಮ್ಬೀಯನ್ನು ಶವದ ಮುಂದೆ ನಿಲ್ಲಿಸಿದರು. "ನಿಕಾಹದಾಗ ನಿನಗ ಕೊಡ್ತೀನಂದ ಮೆಹರ್ ಮಾಫ್ ಮಾಡೀನಿ ಅನ್ನವ್ವಾ, ಅಂವ ಹಗುರಾಗಿ ಹೋಗಲಿ," ಎಂದರು. ಅವಳು ಹಾಗೇ ಅಂದಳು. ಬಳೆ ಒಡೆದುಕೊಂಡು ನಾಲ್ಕು ತಿಂಗಳು ಹತ್ತು ದಿನ ವಿಧವೆಯ ಇದ್ದತ್ ಕೂತಳು. ಗೆಳೆಯರು ಗೋರಿಗೆ ಅವನ ಹೆಸರು ಕೆತ್ತಿದ ಕಲ್ಲು ನಿಲ್ಲಿಸಿದರು.

ಏಳನೇ ತಿಂಗಳು ಬಂದೇನವಾಜ ತಗಡಿನ ಟ್ರಂಕು ಹೊತ್ತು ಬಾಗಿಲಲ್ಲಿ ನಿಂತ. ನಿಕಾಹ್ ಮುರಿದಿಲ್ಲ ಎಂದರು ಖಾಜಿ. ಊರು ಸಕ್ಕರೆ ಹಂಚಿ ಮರೆತುಬಿಟ್ಟಿತು. ಇಮಾಮ್ಬೀಗೆ ಮರೆಯಲಾಗಲಿಲ್ಲ. ಗಂಡನಿಗೆ ಹೇಳಬೇಕಾದ ಮಾತನ್ನು ಗುರುತಿಲ್ಲದ ಯಾರದೋ ಹೆಣಕ್ಕೆ ಹೇಳಿ ಬೀಳ್ಕೊಟ್ಟಿದ್ದಳು; ತಾನೀಗ ಯಾರ ಹೆಂಡತಿ ಎಂಬ ಅಂಜಿಕೆ ಎದೆಯಲ್ಲಿ ಕೂತುಬಿಟ್ಟಿತು. ಇಪ್ಪತ್ತೊಂದು ವರ್ಷ ಆ ಸತ್ತವನು ಮನೆ ಬಿಟ್ಟು ಹೋಗಲಿಲ್ಲ. ರೊಟ್ಟಿ ಬಡಿಯುವಾಗ ಬೆನ್ನ ಹಿಂದೆ ಒದ್ದೆ ಕಾಲಿನ ಸಪ್ಪಳ. ತಿರುಗಿದರೆ ನೆಲ ಒಣಗಿರುತ್ತಿತ್ತು.

ಕಿರಿಯ ಮಗಳ ಮದುವೆ ಮುಗಿದ ಮೇಲೆ ಬಂದೇನವಾಜನೇ ಮಾತು ತೆಗೆದ. "ಕುಂಚಾವರಂ ಅಡವ್ಯಾಗ ನನ್ನ ದೋಸ್ತ ಹಾಜಿಮಲಂಗ್ ಅದಾನ. ನಾವಿಬ್ಬರೇ ಎರಡು ದಿನ ಇದ್ದು ಬರೋಣು. ಅಲ್ಲೇ ಇನ್ನೊಮ್ಮೆ ನಿಕಾಹ್ ಓದಸೋಣು. ನಿನ್ನ ಮನಸ್ಸರೆ ಹಗುರಾಗಲಿ." ತಲೆ ನೆರೆಯುವ ಹೊತ್ತಿಗೆ ಬುದ್ಧಿ ಬಂದಿತ್ತು, ಪೂರ್ತಿ ಅಲ್ಲ.

ಅವಳು ಹೊಸ ಬಳೆ ತೊಟ್ಟು ಹೊರಟಳು. ಮೊದಲ ಮಧ್ಯಾಹ್ನ ಕೆರೆಯ ದಂಡೆಯಲ್ಲಿ ಕೂತು ಇಬ್ಬರೂ ಸೀತಾಫಲ ತಿಂದರು. ಆಮೇಲೆ ಈಜಲು ಇಳಿದವನು, ಅವಳನ್ನು ನಗಿಸಬೇಕೆಂದು, ಉಸಿರು ಬಿಗಿಹಿಡಿದು ಬೋರಲಾಗಿ ತೇಲಿದ. ಇಮಾಮ್ಬೀ ಕೂಗಲಿಲ್ಲ. ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡು, "ಮೆಹರ್ ಮಾಫ್ ಮಾಡೀನಿ," ಎಂದಳು.

ಅಷ್ಟರಲ್ಲಿ ತಲೆ ಎತ್ತಿದ ಬಂದೇನವಾಜನ ಕಿವಿಗೆ ಅದು ಬಿತ್ತು. ದಂಡೆಗೆ ಬಂದು ಅವಳ ಪಕ್ಕ ಕೂತ.

"ಈ ಸಲ ಮೆಹರ್ ಏನ್ ಕೇಳ್ತಿ?"

"ಆ ಗೋರಿ ಮ್ಯಾಲಿನ ನಿಮ್ಮ ಹೆಸರು ತಗೀರಿ. ಅಂವಂದಲ್ಲ ಅದು."

ನಿಕಾಹ್ ಮುಂದಕ್ಕೆ ಹಾಕಿ ಮರುದಿನವೇ ಊರಿಗೆ ಮರಳಿದರು. ಗೋರಸ್ತಾನದಲ್ಲಿ ಕೂತು ಬಂದೇನವಾಜ ತನ್ನ ಹೆಸರನ್ನು ತಾನೇ ಉಳಿಯಿಂದ ಕೆತ್ತಿ ತೆಗೆದ. ಇಮಾಮ್ಬೀ ಮೋಟು ಗೋಡೆಯ ಆಚೆ ನಿಂತಿದ್ದಳು.

"ಏನ್ ಬರೀಲಿ?"

"ಖಾಲಿ ಬಿಡ್ರಿ. ನೀವು ತಿರುಗಿ ಬಂದ್ರಿ. ಅಂವನ ಹೆಣ್ತಿ ಯಾವ ಊರಾಗೋ ಇನ್ನಾ ಬಳಿ ತೊಟಗೊಂಡು ಬಾಗಲಾ ನೋಡಾಕತ್ತಾಳ."

ಮುಂದಿನ ಶುಕ್ರವಾರ ಖಾಜಿ ಕೇಳಿದಾಗ ಇಮಾಮ್ಬೀ ಮೂರು ಸಲ ಕಬೂಲ್ ಎಂದಳು. ಮೂರು ಸಲವೂ ಮೆಲ್ಲಗೆ, ಎಲ್ಲೋ ಬಾಗಿಲು ನೋಡುತ್ತಿರುವ ಆ ಹೆಂಗಸಿಗೆ ಕೇಳಿಸಬಾರದೆಂಬಂತೆ.